ಪೆಂಗ್ವಿನ್ ಉಂಟೆಂದ ಆ ದನಿ ನನ್ನದು

ಆ ಹಕ್ಕಿಗಳು ಪೆಂಗ್ವಿನ್ ಅಲ್ಲ. ಅದು ನನಗೆ ಗೊತ್ತಿತ್ತು. ಅಬುಧಾಬಿಯ ಕಡಲಂಚಿನ ಕಾಂಡ್ಲ ಕಾಡಿನ ಆಚೆ ಪೆಂಗ್ವಿನ್ ಬಂದಿವೆ ಎಂದು ಒಂದು ಚಳಿಗಾಲದಲ್ಲಿ ನಮ್ಮ ಕರಾವಳಿಯವರ ಮೊಬೈಲಿನಿಂದ ಮೊಬೈಲಿಗೆ ಓಡಿದ ವಾಯ್ಸ್ ಮೆಸೇಜು ನೆನಪಿರಬಹುದು — ಅದರಲ್ಲಿದ್ದ ದನಿ ನನ್ನದು. ಅದರಿಂದಾಗಿ ಕೆಲಸ ಕಳೆದುಕೊಂಡು ಉಳ್ಳಾಲಕ್ಕೆ ಹಿಂತಿರುಗಿದ ವಾಚ್‌ಮನ್ ಹಸನಾಕ ಯಾರಿಂದಲೂ ಏನನ್ನೂ ತೆಗೆದುಕೊಂಡವರಲ್ಲ. "ಕಾಸು ಇಸ್ಕೊಂಡು ಗೇಟು ಬಿಡ್ತಿದ್ದನಂತೆ" ಎಂಬ ಮಾತನ್ನು ನಾನೂ ಕೇಳಿದ್ದೇನೆ. ಹೋಟೆಲಿನಲ್ಲಿ ಕೇಳಿದ್ದೇನೆ, ಬಸ್ಸಿನಲ್ಲಿ ಕೇಳಿದ್ದೇನೆ, ಒಮ್ಮೆ ನಮ್ಮವರದೇ ಊಟದ ಪಂಕ್ತಿಯಲ್ಲಿ ಕೇಳಿದ್ದೇನೆ. ಕೇಳಿ, ಅನ್ನಕ್ಕೆ ಸಾರು ಕಲಸಿಕೊಂಡು ಸುಮ್ಮನಿದ್ದೆ.

ಮುಖ್ಯವಾದದ್ದನ್ನು ಹೇಳಿಯಾಯಿತು. ಇನ್ನು ಹೇಗಾಯಿತೆಂದು ಹೇಳುತ್ತೇನೆ. ಹೇಗಾಯಿತೆಂದು ಹೇಳಿದರೆ ತಪ್ಪು ಸಣ್ಣದಾಗುವುದಿಲ್ಲ, ಅದು ನನಗೆ ಗೊತ್ತು.

ನಾನು ಸದಾನಂದ, ಕಾರ್ಕಳದ ಕಡೆಯವ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ತಗಡಿನ ಕೆಲಸಕ್ಕೆ ಸೇರಿದವ. ದುಬೈಗೆ ಹೆಲ್ಪರಾಗಿ ಬಂದೆ, ಎಸಿ ಡಕ್ಟಿನ ಫೋರ್‌ಮನ್ ಆದೆ. ತಣ್ಣನೆಯ ಗಾಳಿ ಕೋಣೆಯಿಂದ ಕೋಣೆಗೆ ಹೋಗಲು ತಗಡಿನಲ್ಲಿ ಮಾಡುವ ದಾರಿಯೇ ಡಕ್ಟು. ನಾನು ಜೋಡಿಸಿದ ಡಕ್ಟಿನಲ್ಲಿ ಗಾಳಿ ಸೋರುವುದಿಲ್ಲ. ಇದು ಜಂಬವೆಂದರೆ ಜಂಬವೇ, ದುಡಿದು ಸಂಪಾದಿಸಿದ ಜಂಬ. ಆದರೆ ನನ್ನಲ್ಲಿ ಇನ್ನೊಂದು ಜಂಬವೂ ಇತ್ತು, ಅದು ರೋಗ. 'ಗೊತ್ತಿಲ್ಲ' ಎಂಬ ಮಾತು ನನ್ನ ಬಾಯಿಂದ ಹೊರಡುತ್ತಿರಲಿಲ್ಲ. ಕಲಿತವರು 'ಗೊತ್ತಿಲ್ಲ' ಎಂದರೆ ಅದು ವಿನಯ; ಶಾಲೆ ಬಿಟ್ಟವ ಹೇಳಿದರೆ, ಅದಕ್ಕೇ ನೋಡು, ಎನ್ನುತ್ತಾರೆ — ಎಂದು ನಾನೇ ಅಂದುಕೊಂಡಿದ್ದೆ. ಯಾರೂ ನನಗೆ ಹಾಗೆ ಅಂದಿರಲಿಲ್ಲ.

ಮಗಳು ದೀಕ್ಷಾ ಆಗ ಎರಡನೇ ಕ್ಲಾಸು. ದುಬೈಯ ಅಲ್ ನಹ್ದಾದಲ್ಲಿ ನಮ್ಮ ಮನೆ. ಅವಳ ಹೋಂವರ್ಕೆಲ್ಲ ಇಂಗ್ಲಿಷು. ಪುಸ್ತಕ ಹಿಡಿದುಕೊಂಡು ನನ್ನ ಹತ್ತಿರ ಬಂದರೆ "ಅಮ್ಮನನ್ನು ಕೇಳು, ಪಪ್ಪನಿಗೆ ಫೋನು ಬಂತು" ಎನ್ನುತ್ತಿದ್ದೆ. ಬಾರದ ಫೋನನ್ನು ಕಿವಿಗಿಟ್ಟು ಎಷ್ಟೋ ಸಲ ಬಾಲ್ಕನಿಯಲ್ಲಿ ನಿಂತಿದ್ದೇನೆ. ಮಾಲ್ ಒಂದರ ಒಳಗೆ ಹಿಮ ಮಾಡಿ ಪೆಂಗ್ವಿನ್ ಸಾಕಿದ್ದಾರೆಂದು ಅವಳಿಗೆ ಯಾರೋ ಹೇಳಿದ್ದರು. ಕರಕೊಂಡು ಹೋಗು ಎಂದು ಒಂದೇ ಹಟ. ಬರುವ ತಿಂಗಳು, ಬರುವ ತಿಂಗಳು ಎಂದು ನಾನು ತಳ್ಳುತ್ತಲೇ ಇದ್ದೆ.

ನಮ್ಮ ವರ್ಕ್‌ಶಾಪು ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನಲ್ಲಿ. ಆ ವರ್ಷ ಕೆಲಸ ಸಿಕ್ಕಿದ್ದು ಅಬುಧಾಬಿಯಲ್ಲಿ, ಖಲೀಫಾ ಸಿಟಿಯಿಂದ ಸಮುದ್ರದ ಕಡೆಗೆ ಹೋದರೆ ಸಿಗುವ ಒಂದು ಹೊಸ ವಿಲ್ಲಾ ಸೈಟಿನಲ್ಲಿ. ಸೈಟಿನ ಹಿಂದಿನ ಗೇಟಿನಲ್ಲಿ ಕೂತಿದ್ದವರು ಹಸನಾಕ. ಮೊದಲ ದಿನ ನಾನು ಹುಡುಗರಿಗೆ ತುಳುವಿನಲ್ಲಿ ಬೈಯುತ್ತಿದ್ದೆ. ಅವರು ಕುರ್ಚಿಯಿಂದಲೇ ಕೂಗಿದರು: "ಹೋಯ್, ಇಷ್ಟು ಚಂದ ಬೈಬೇಕಾದ್ರೆ ನೀನು ನಮ್ಮ ಊರಿನವನೇ ಇರ್ಬೇಕು!" ಅಲ್ಲಿಂದ ಶುರು. ಅವರು ಉಳ್ಳಾಲದ ಬ್ಯಾರಿ, ನನಗಿಂತ ಬಹಳ ಹಿರಿಯರು; ಹೆಸರು ಹಸನ್, ಹಿರಿಯರೆಂಬ ಗೌರವಕ್ಕೆ ನಾವೆಲ್ಲ ಹಸನಾಕ ಎನ್ನುವುದು. ಅವರ ಫ್ಲಾಸ್ಕಿನ ಚಹಾದಲ್ಲಿ ನನಗೆ ಪಾಲು, ನನ್ನ ಬುತ್ತಿಯ ಮೀನಿನಲ್ಲಿ ಅವರಿಗೆ ಪಾಲು. ಪರದೇಶದಲ್ಲಿ ತುಳು ಎಂದರೆ ಹಾಗೆಯೇ — ಜಾತಿ ಕೇಳುವ ಮೊದಲು ಊಟ ಆಗಿರುತ್ತದೆ.

ಗೇಟಿನ ಆಚೆ ಕಾಂಡ್ಲ ಕಾಡು, ಉಪ್ಪುನೀರಿನಲ್ಲಿ ಬೆಳೆಯುವ ಮ್ಯಾಂಗ್ರೋವ್; ಕಾಡಿನ ಆಚೆ ಸಣ್ಣದೊಂದು ಮರಳ ದಂಡೆ. ಚಳಿಗಾಲದಲ್ಲಿ ಅಲ್ಲಿಗೆ ಅಪರೂಪದ ಹಕ್ಕಿಗಳು ಬಂದು ಕೂರುತ್ತವೆ, ಯಾರನ್ನೂ ಬಿಡಬಾರದು ಎಂದು ಪರಿಸರದ ಆಫೀಸಿನವರು ಕಂಪೆನಿಗೆ ಹೇಳಿದ್ದರಂತೆ. ಕಂಪೆನಿ ಹಸನಾಕನಿಗೆ ಹೇಳಿತ್ತು. ಅವರಿಗೆ ಅದು ಬರೇ ಡ್ಯೂಟಿ ಆಗಿರಲಿಲ್ಲ. "ಒಂದು ಸಲ ಆಮಿನಾಳನ್ನು ತರಿಸ್ಬೇಕು ಸದಾನಂದ" ಎನ್ನುತ್ತಿದ್ದರು. ಆಮಿನಾ ಅವರ ಹೆಂಡತಿ. "ನಾನಿಲ್ಲಿ ಇಷ್ಟು ವರ್ಷ ಮರಳು ಕಾದದ್ದು ಅಂತ ತಿಳಿದಿದ್ದಾಳೆ. ಕಾಡೂ ಉಂಟು ಅಂದ್ರೆ ನಂಬುದಿಲ್ಲ. ಈ ಸಲ ವಿಸಿಟ್ ವೀಸಾ ಮಾಡಿಸ್ತೇನೆ. ಕಂಪೆನಿ ಕಾಗದ ಕೊಡ್ತದಂತೆ."

ಆಗ ಇಲ್ಲಿ ಶುಕ್ರವಾರ, ಶನಿವಾರ ರಜೆ. ಒಂದು ಶುಕ್ರವಾರ ದೀಕ್ಷಾಳನ್ನು ಪಿಕಪ್ಪಿನಲ್ಲಿ ಕೂರಿಸಿಕೊಂಡು ಸೈಟಿಗೆ ಹೋದೆ. "ಮಗುವಿಗೊಮ್ಮೆ ಕಾಡು ತೋರಿಸಿ ಹಸನಾಕ" ಎಂದೆ. ಅವರು ಅತ್ತಿತ್ತ ನೋಡಿದರು. "ಬಿಡ್ಲಿಕ್ಕಿಲ್ಲ ಮಾರಾಯ..." ಎನ್ನುತ್ತಲೇ ಗೇಟು ತೆರೆದರು. ನಮ್ಮವರೆಂದರೆ ಗೇಟು ತೆರೆಯುವುದೇ ಅವರ ತಪ್ಪು — ತಪ್ಪೆನ್ನಲು ನಾನು ಯಾರು?

ನೀರು ಇಳಿದ ಹೊತ್ತು. ಕೆಸರಿನಿಂದ ಪೆನ್ಸಿಲು ನೆಟ್ಟ ಹಾಗೆ ಬೇರುಗಳು ಮೇಲಕ್ಕೆ ಎದ್ದು ನಿಂತಿದ್ದವು. ಅವುಗಳ ನಡುವೆ ಕಾಲಿಡಲು ಹಸನಾಕ ಒಂದು ಗಟ್ಟಿ ದಾರಿ ಕಂಡುಕೊಂಡಿದ್ದರು. ಅವರು ಇಟ್ಟಲ್ಲೇ ನಾವು ಇಟ್ಟೆವು. ಏಡಿಗಳು ನಮ್ಮ ನೆರಳು ಬಿದ್ದರೆ ಸಾಕು, ತೂತಿಗೆ ಇಳಿಯುತ್ತಿದ್ದವು. ಅವರು ಒಂದು ಎಲೆ ಕಿತ್ತು ದೀಕ್ಷಾಳಿಗೆ ಕೊಟ್ಟರು. "ನೆಕ್ಕಿ ನೋಡು ಮಗಾ." ಅವಳು ನೆಕ್ಕಿ ಮುಖ ಕಿವುಚಿದಳು. "ಸಾಲ್ಟೀ!" "ಹಾಂ. ಸಮುದ್ರದ ನೀರು ಕುಡಿದು ಉಪ್ಪನ್ನು ಹೊರಗೆ ಉಗುಳ್ತದೆ ಈ ಮರ. ನಮ್ಮ ಹಾಗೆ ಅಲ್ಲ, ನಾವು ಒಳಗೇ ಇಟ್ಕೊಳ್ಳುದು" ಎಂದು ನಕ್ಕರು. ಮರಗಳು ಮುಗಿದಲ್ಲಿ ಬೆಳಕು ಒಮ್ಮೆಲೇ ಕಣ್ಣಿಗೆ ಹೊಡೆಯಿತು. ಮರಳ ದಂಡೆಯ ಮೇಲೆ ಅವು ನಿಂತಿದ್ದವು — ನೆಟ್ಟಗೆ, ಕಪ್ಪಗೆ, ಹೆಗಲಿಗೆ ಹೆಗಲು ತಾಗಿಸಿ, ಎಲ್ಲವೂ ಸಮುದ್ರದ ಕಡೆಗೆ ಮುಖ ಮಾಡಿ. ಮರಿಗಳ ಹೊಟ್ಟೆ ಬೆಳ್ಳಗೆ.

"ಪಪ್ಪಾ! ಪೆಂಗ್ವಿನ್ಸ್!"

ಅವಳು ನನ್ನ ಕೈ ಹಿಡಿದು ಕುಪ್ಪಳಿಸಿದಳು. ನಾನು ಆ ಹಕ್ಕಿಯನ್ನು ಮೊದಲು ಕಂಡವನಲ್ಲ. ಗೊತ್ತಿಲ್ಲ ಎನ್ನಬಹುದಿತ್ತು. "ಹೌದಲ್ಲ, ಪೆಂಗ್ವಿನೇ" ಎಂದೆ. ನಗಬೇಡಿ. ಮರುಭೂಮಿಯಲ್ಲಿ ಹಿಮ ಬೀಳಿಸುವ ಊರು ಇದು, ಸಮುದ್ರದೊಳಗೆ ನೆಲ ಮಾಡುವ ಊರು. ಇಲ್ಲಿ ಇರುವ ನಮಗೆ ಯಾವುದನ್ನು 'ಇಲ್ಲ' ಎನ್ನಬೇಕೆಂಬುದೇ ಮರೆತುಹೋಗಿರುತ್ತದೆ. ಆ ಕ್ಷಣಕ್ಕೆ ನಾನೂ ನಂಬಿದ್ದೆ.

ಹಸನಾಕ ನನ್ನ ಕಿವಿಯ ಹತ್ತಿರ ಬಂದರು. "ಎಂತ ಪೆಂಗ್ವಿನ್ ಮಾರಾಯ, ಅದು ನೀರುಕಾಗೆ. ನಮ್ಮ ಕಡೆಯದ್ದಲ್ಲ, ಈ ಕೊಲ್ಲಿಯ ಸುತ್ತಮುತ್ತ ಮಾತ್ರ ಇರುದಂತೆ. ಆಫೀಸಿನವರು ಹೇಳಿದ್ದು." ನನ್ನ ಮುಖ ಬಿಸಿಯಾಯಿತು. "ಮಗುವಿಗೆ ಹೇಳ್ಬೇಡಿ" ಎಂದೆ. ಅವರು ನನ್ನನ್ನು ನೋಡಿದರು, ಅವಳನ್ನು ನೋಡಿದರು. ಅಷ್ಟರಲ್ಲಿ ಒಂದು ಹಕ್ಕಿ ಎದ್ದು ಹಾರಿತು. "ಬಟ್ ಪೆಂಗ್ವಿನ್ಸ್ ಡೋಂಟ್ ಫ್ಲೈ!" ಎಂದಳು ದೀಕ್ಷಾ. ಹಸನಾಕನೇ ನನ್ನನ್ನು ಉಳಿಸಿದರು: "ಅದು ಚಳಿಯ ಪೆಂಗ್ವಿನ್ ಮಗಾ. ಇದು ಬಿಸಿಲಿನ ಪೆಂಗ್ವಿನ್. ಕಾಲು ಸುಡ್ತದಲ್ಲ, ಹಾರದೆ ಎಂತ ಮಾಡುದು?" ಅವಳು ನಕ್ಕಳು. ನಾನೂ ನಕ್ಕೆ. ವಾಪಸು ಬರುವಾಗ ಅವರು ನಗುವಿಲ್ಲದೆ ಹೇಳಿದರು: "ಇದು ನಮ್ಮೊಳಗೇ ಇರ್ಲಿ. ಯಾರಿಗೂ ಹೇಳ್ಬೇಡ." ಅವರ ಕೈ ಹಿಡಿದು ಮಾತು ಕೊಟ್ಟೆ.

ಆದರೆ ಅವಳು ಹೇಳಿದಳು, ಕ್ಲಾಸಿನಲ್ಲಿ. ಮಗು ಹೇಳದೆ ಇರುತ್ತದೆಯೇ? ಟೀಚರು ಇಲ್ಲಿ ಹಾಗೆಲ್ಲ ಪೆಂಗ್ವಿನ್ ಇರುವುದಿಲ್ಲ ಎಂದರಂತೆ. ಮಕ್ಕಳು ನಕ್ಕರಂತೆ. ಮನೆಗೆ ಬಂದವಳು ಬ್ಯಾಗು ಇಳಿಸದೆ ಬಾಗಿಲಲ್ಲೇ ನಿಂತು ಅತ್ತಳು. "ಯೂ ಸೆಡ್, ಪಪ್ಪಾ. ಟೆಲ್ ದೆಮ್." ಹೆಂಡತಿ ವಿನೋದಾ ಅಡುಗೆಮನೆಗೆ ಕರೆದು ತಗ್ಗಿದ ದನಿಯಲ್ಲಿ ಹೇಳಿದಳು: "ನಿಜ ಹೇಳಿಬಿಡಿ. ಮಗು ಅಲ್ವಾ, ಎರಡು ದಿನ ಮುನಿಸ್ಕೊಳ್ತದೆ, ಮತ್ತೆ ಸರಿಯಾಗ್ತದೆ." ಎಷ್ಟು ಸುಲಭವಿತ್ತು! ಎರಡು ದಿನದ ಮುನಿಸು. ಆದರೆ ಟೀಚರು 'ಇಲ್ಲ' ಎಂದದ್ದು ನನ್ನ ಮಗಳಿಗಲ್ಲ, ನನಗೆ ಎಂದು ತೋರಿತು. ಏಳನೇ ಕ್ಲಾಸಿನವನಿಗೆ ಮತ್ತೊಮ್ಮೆ ಯಾರೋ ಬೆಂಚಿನ ಮೇಲೆ ನಿಲ್ಲು ಎಂದ ಹಾಗೆ.

ಬಾಲ್ಕನಿಗೆ ಹೋದೆ. ಈ ಸಲ ಫೋನು ನಿಜವಾಗಿಯೂ ಕೈಯಲ್ಲಿತ್ತು. ದಂಡೆಯಲ್ಲಿ ದೂರದಿಂದ ಹಿಡಿದ ಒಂದು ಮಸುಕು ಫೋಟೋ ಹಾಕಿದೆ. ನಮ್ಮ ಊರಿನವರ ಗುಂಪಿಗೆ ತುಳುವಿನಲ್ಲಿ ಮಾತಾಡಿ ಕಳಿಸಿದೆ — ಅಬುಧಾಬಿಯಲ್ಲಿ ಪೆಂಗ್ವಿನ್ ಬಂದಿವೆ, ನಾನೇ ಕಣ್ಣಾರೆ ಕಂಡೆ, ಮಕ್ಕಳನ್ನು ಕರಕೊಂಡು ಹೋಗಿ. ದಾರಿ ಹೇಳಿದೆ. ಕೊನೆಗೆ — ಆ ಮಾತು ಯಾಕೆ ಸೇರಿಸಿದೆನೋ — "ಗೇಟಿನಲ್ಲಿ ನಮ್ಮ ಹಸನಾಕ ಇದ್ದಾರೆ. ತುಳು ಪಾತೆರ್ಲೆ, ಯಾವು." ತುಳು ಮಾತಾಡಿ, ಸಾಕು. ಗುಂಪಿನಲ್ಲಿ ಅವಳ ಶಾಲೆಯ ನಾಲ್ಕು ಜನ ಪೋಷಕರಿದ್ದರು. ಮರುದಿನ ಶಾಲೆಯಲ್ಲಿ ಮಗಳ ತಲೆ ಮೇಲೆದ್ದಿತು. ನನ್ನದೂ.

ಮುಂದಿನ ಶುಕ್ರವಾರ ನಾನು ಹೋಗಲಿಲ್ಲ. ಏನಾಯಿತೆಂದು ಆಮೇಲೆ ಕೇಳಿದ್ದು. ಮೊದಲ ಕಾರಿನವರು ತುಳು ಮಾತಾಡಿದರು. ಹಸನಾಕ ಕೈಮುಗಿದು, ಆಗುದಿಲ್ಲ ಮಾರಾಯ್ರೆ, ಎಂದರು. "ದೂರದಿಂದ ಬಂದಿದ್ದೇವೆ, ಮಕ್ಕಳಿದ್ದಾರೆ" ಎಂದರು ಅವರು. ಒಬ್ಬರನ್ನು ಬಿಟ್ಟ ಮೇಲೆ ಇನ್ನೊಬ್ಬರಿಗೆ ಬೇಡ ಎನ್ನುವುದು ಹೇಗೆ? ಮಧ್ಯಾಹ್ನದ ಹೊತ್ತಿಗೆ ಗೇಟಿನಿಂದ ರಸ್ತೆಯವರೆಗೆ ಕಾರುಗಳು. ಅಷ್ಟು ಜನ ಒಟ್ಟಿಗೆ ದಂಡೆಗೆ ನುಗ್ಗಿದಾಗ ಹಕ್ಕಿಗಳೆಲ್ಲ ಒಂದೇ ಸಲಕ್ಕೆ ಎದ್ದವಂತೆ. ಆ ಚಳಿಗಾಲ ಅವು ಮತ್ತೆ ಅಲ್ಲಿ ಕೂರಲಿಲ್ಲ.

ಭಾನುವಾರ ಕೆಲಸ ಶುರುವಾಗುತ್ತಲೇ ಸೈಟ್ ಆಫೀಸಿನಿಂದ ನನಗೆ ಕರೆ ಬಂತು. ಸಿಕ್ಕಿಬಿದ್ದೆ ಎಂದುಕೊಂಡೇ ಹೋದೆ. ಪೋರ್ಟಾ ಕ್ಯಾಬಿನ್ನಿನೊಳಗೆ ಸೈಟ್ ಮ್ಯಾನೇಜರು, ಉತ್ತರದ ಕಡೆಯವರು, ಮೇಜಿನ ಮೇಲೆ ಫೋನು ಇಟ್ಟುಕೊಂಡು ಕೂತಿದ್ದರು. ಎದುರಿಗೆ ಹಸನಾಕ, ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. "ಫೋರ್‌ಮನ್, ಯೇ ತುಮ್ಹಾರೀ ಭಾಷಾ ಹೈ ನಾ? ಕ್ಯಾ ಬೋಲ್ ರಹಾ ಹೈ, ಬತಾವೋ." ಸೈಟಿನಲ್ಲಿ ತುಳು ಬಲ್ಲ ದೊಡ್ಡವನೆಂದರೆ ನಾನು — ಅದಕ್ಕೆ ಕರೆದದ್ದು, ಅನುವಾದಕ್ಕೆ.

ಅವರು ಬಟನ್ ಒತ್ತಿದರು. ನನ್ನದೇ ದನಿ, ಬಾಲ್ಕನಿಯ ಗಾಳಿಯ ಸದ್ದಿನೊಂದಿಗೆ, ಆ ತಗಡಿನ ಕೋಣೆಯಲ್ಲಿ ಕೇಳಿತು. ಯಾರಿಂದ ಯಾರಿಗೋ ಹೋಗಿ ಕೊನೆಗೆ ಅವರ ಕೈಗೆ ಬಂದದ್ದು. ಹೆಸರಿಲ್ಲ, ನಂಬರಿಲ್ಲ. ತುಳುವಿನಲ್ಲಿ ಮನೆಯವನ ಹಾಗೆ ನಗುತ್ತ ಮಾತಾಡುವ ಆ ಮನುಷ್ಯ, ಎದುರಿಗೆ "ಜೀ ಸರ್" ಎನ್ನುತ್ತ ನಿಂತವನೇ ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಹಸನಾಕನಿಗೆ ಗೊತ್ತಾಯಿತು. ಅವರು ಫೋನನ್ನು ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದರು.

ಹಿಂದಿಯಲ್ಲಿ ಹೇಳಿದೆ: "ಪೆಂಗ್ವಿನ್ ಉಂಟಂತೆ ಸರ್. ಹಸನ್ ಒಳಗೆ ಬಿಡ್ತಾನಂತೆ."

"ಇವನಿಗೆ ಏನಾದರೂ ಕೊಡಬೇಕು ಅಂತ ಹೇಳಿದ್ದಾನಾ?"

ಆ ಮೆಸೇಜಿನಲ್ಲಿ ಹಾಗಿರಲಿಲ್ಲ. 'ಇಲ್ಲ' ಎಂಬ ಒಂದು ಶಬ್ದ ಸಾಕಿತ್ತು. ನಾನು, "ಸರಿಯಾಗಿ ಕೇಳಿಸುವುದಿಲ್ಲ ಸರ್" ಎಂದೆ.

"ಯಾರು ಇವನು? ದನಿ ಗುರುತಿದೆಯಾ?"

"ಇಲ್ಲ ಸರ್."

ಆ ದಿನ ನಾನು ಹೇಳಿದ ಸುಳ್ಳುಗಳಲ್ಲಿ ಯಾವುದು ದೊಡ್ಡದೆಂದು ಎಷ್ಟೋ ಸಲ ತೂಗಿದ್ದೇನೆ. ದನಿ ಗೊತ್ತಿಲ್ಲ ಎಂದದ್ದು ಹೆದರಿಕೆಯ ಸುಳ್ಳು. ಸರಿಯಾಗಿ ಕೇಳಿಸುವುದಿಲ್ಲ ಎಂದದ್ದು — ಅದು ಬೇರೆ. ಅದರಿಂದ ನನಗೆ ಯಾವ ಲಾಭವೂ ಇರಲಿಲ್ಲ. ಆದರೂ ಹೇಳಿದೆ. ತಪ್ಪಿನ ಭಾರವೆಲ್ಲ ಅವರ ಕಡೆಗೆ ವಾಲಿದರೆ ನನ್ನ ಕಡೆ ಯಾರೂ ನೋಡುವುದಿಲ್ಲ ಎಂದು ಒಳಗೆ ಯಾವನೋ ಲೆಕ್ಕ ಹಾಕಿದ್ದ. ಆ ಯಾವನೋ ನಾನೇ. ಕಾಸಿನ ಮಾತು ಹುಟ್ಟಿದ್ದು ಅಲ್ಲಿ, ನನ್ನ ಬಾಯಿಯ ಆ ಖಾಲಿ ಜಾಗದಲ್ಲಿ.

ಮ್ಯಾನೇಜರು ಹಸನಾಕನ ಕಡೆ ತಿರುಗಿ "ನಿನಗೆ ಗೊತ್ತಾ ಇವನು ಯಾರು?" ಎಂದು ಕೇಳಿದರು. ಅವರು ಟೋಪಿಯನ್ನು ತಲೆಗಿಟ್ಟುಕೊಂಡು "ಮಾಲೂಮ್ ನಹೀಂ ಸಾಬ್" ಎಂದರು. ಹೊರಗೆ ಬಂದ ಮೇಲೆ ನನ್ನ ಪಕ್ಕದಲ್ಲೇ ಸ್ವಲ್ಪ ದೂರ ನಡೆದರು. ನಾನು ಏನೋ ಹೇಳಲು ಹೋದೆ. "ಬಿಡು. ಖಲಾಸ್" ಎಂದರು. ತಮ್ಮ ಗೇಟಿನ ಕಡೆ ಹೋದರು. ಆ ತಿಂಗಳೊಳಗೆ ವೀಸಾ ಕ್ಯಾನ್ಸಲ್ ಆಗಿ ಊರಿಗೆ ಹೋದರು. ಆಮಿನಾ ಬರಲೇ ಇಲ್ಲ.

ನಾನು ಉಳಿದೆ. ಚೆನ್ನಾಗಿಯೇ ಉಳಿದೆ. ಕೆಲಸ ಹೆಚ್ಚಿತು, ಕೈಕೆಳಗೆ ಜನ ಹೆಚ್ಚಿದರು. ಅವರ ನಂಬರು ಸಿಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ರಜೆಯಲ್ಲಿ ಊರಿಗೆ ಹೋದಾಗಲೆಲ್ಲ ಉಳ್ಳಾಲದ ದಾರಿ ಬಿಟ್ಟು ಬೇರೆ ದಾರಿ ಹಿಡಿದೆ.

ಈ ಚಳಿಗಾಲದಲ್ಲಿ ಅದೇ ವಿಲ್ಲಾಗಳ ರಿಪೇರಿ ಕೆಲಸ ನಮ್ಮ ವರ್ಕ್‌ಶಾಪಿಗೆ ಬಂತು. ಒಂದು ಶನಿವಾರ ಅಳತೆ ನೋಡಲು ಹೊರಟಾಗ ದೀಕ್ಷಾ ತಾನೂ ಬರುತ್ತೇನೆಂದಳು. ಅವಳೀಗ ಎಂಟನೇ ಕ್ಲಾಸು, ನನ್ನನ್ನು ದಾಟಿ ಓದಿದ್ದಾಳೆ. ಕಾಡಿಗೆ ಈಗ ಎತ್ತರದ ಬೇಲಿ. ರಸ್ತೆಯ ಪಕ್ಕ ನಿಂತೆವು. ಸಮುದ್ರದ ಕಡೆಯಿಂದ ಕಪ್ಪು ಸಾಲೊಂದು ನೀರಿಗೆ ತಾಗುವಷ್ಟು ಕೆಳಗೆ ಹಾರಿ ಬಂತು — ಬರುತ್ತಲೇ ಇತ್ತು, ಮುಗಿಯಲೇ ಇಲ್ಲ — ಮರಗಳ ಆಚೆ ದಂಡೆಯ ಕಡೆಗೆ ಇಳಿಯಿತು.

"ಪಪ್ಪಾ, ಯುವರ್ ಪೆಂಗ್ವಿನ್ಸ್ ಆರ್ ಬ್ಯಾಕ್" ಎಂದು ನಕ್ಕಳು.

"ನಿನಗೆ ಗೊತ್ತಾ?"

"ಗ್ರೇಡ್ ಫೋರಿಂದ ಗೊತ್ತು. ಅದು ಕಾರ್ಮೊರಂಟ್. ನೀವು ಯಾವಾಗ ಹೇಳ್ತೀರಿ ಅಂತ ನೋಡ್ತಿದ್ದೆ."

ಅವಳ ನಗುವಿನಲ್ಲಿ ಸಿಟ್ಟಿರಲಿಲ್ಲ. ಅಪ್ಪನ ಒಂದು ಪೆದ್ದುತನವನ್ನು ಪ್ರೀತಿಯಿಂದ ಇಟ್ಟುಕೊಂಡವಳ ನಗು ಅದು. ಅಲ್ಲಿಗೇ ಬಿಡಬಹುದಿತ್ತು. ಆದರೆ ಆ ನಗುವನ್ನು ನಾನು ಕದ್ದು ಪಡೆದಂತಾಗುತ್ತಿತ್ತು. ಪಿಕಪ್ಪಿನಲ್ಲಿ ಕೂತು ಉಳಿದದ್ದನ್ನೆಲ್ಲ ಹೇಳಿದೆ. ಬಾಲ್ಕನಿ, ಮೆಸೇಜು, ಕ್ಯಾಬಿನ್ನು, "ಸರಿಯಾಗಿ ಕೇಳಿಸುವುದಿಲ್ಲ ಸರ್". ಅವಳ ನಗು ಹೋಯಿತು.

"ಬಿಕಾಸ್ ಆಫ್ ಮಿ?"

"ಅಲ್ಲ. ನನ್ನಿಂದ."

"ಹೂ ನೋಸ್ ದಿಸ್?"

"ಕ್ಯಾಬಿನ್ನಿನ ಮಾತು ಯಾರಿಗೂ ಗೊತ್ತಿಲ್ಲ."

"ಹೀ ನೋಸ್, ಪಪ್ಪಾ."

ನಂಬರು ಸಿಗಲು ಒಂದು ದಿನವೂ ಬೇಕಾಗಲಿಲ್ಲ. ಉಳ್ಳಾಲದವರೊಬ್ಬರನ್ನು ಕೇಳಿದೆ, ಕೊಟ್ಟರು. ಇಷ್ಟೇ ಇತ್ತು ಕೆಲಸ.

"ಹಸನಾಕ, ನಾನು ಸದಾನಂದ."

"ಯಾವ ಸದಾನಂದ? ಡಕ್ಟಿನವನಾ?" ಎಂದು ಕೇಳಿ, ಗುರುತು ಸಿಕ್ಕಿದ್ದೇ ಕೂಗಿದರು: "ಹೋಯ್, ಬದುಕಿದ್ದೀಯಾ ಮಾರಾಯ!"

ಬರೆದಿಟ್ಟುಕೊಂಡ ಮಾತೆಲ್ಲ ಮರೆತುಹೋಯಿತು. ತೊದಲಿದೆ. ಅವರು ನಡುವೆ ಬಾಯಿ ಹಾಕದೆ ಕೇಳಿದರು. ಮುಗಿದ ಮೇಲೆ ಹೇಳಿದರು: "ಅದು ನಿನ್ನ ದನಿ ಅಂತ ನನಗೆ ಗೊತ್ತಿಲ್ಲ ಅಂತ ಮಾಡಿದ್ಯಾ? ನಿನ್ನ ಹೆಸರು ಹೇಳಿದ್ರೆ ಇಬ್ರೂ ಊರಿಗೆ ಬರ್ಬೇಕಿತ್ತು. ನಿನಗೆ ಸಣ್ಣ ಮಗು. ಅದಿರ್ಲಿ. ಗೇಟು ತೆರೆದದ್ದು ನಾನೇ, ಆ ತಪ್ಪು ನನ್ನದು. ಆದ್ರೆ ಕಾಸು ತಗೊಂಡೆ ಅಂದ್ರಲ್ಲ ಸದಾನಂದ... ಮಸೀದಿಯ ಜಗಲಿಯಲ್ಲೂ ಒಬ್ಬ ಕೇಳಿದ. ಆಗ ನೀನು ಒಂದು ಫೋನು ಮಾಡ್ಲಿಲ್ಲ."

"ಕ್ಷಮಿಸಿ ಹಸನಾಕ."

"ಫೋನಿನಲ್ಲಿ ಇಲ್ಲ" ಎಂದರು. ದನಿ ಗಟ್ಟಿಯಾಯಿತು. "ಫೋನಿನಲ್ಲಿ ಹೇಳಿದ್ದಕ್ಕೆ ಫೋನಿನಲ್ಲೇ ಮಾಫಿ ಕೊಡುದಿಲ್ಲ ನಾನು. ಮೊದಲು ಕೇಳಿದವರಿಗೆಲ್ಲ ನಿಜ ಹೇಳು. ಆಮೇಲೆ ಬಾ. ಆಮಿನಾಳ ಎದುರು ಕೂತು ಹೇಳು. ಅವಳು ಏನು ಹೇಳ್ತಾಳೋ ನನಗೆ ಗೊತ್ತಿಲ್ಲ. ಊಟ ಮಾತ್ರ ಇರ್ತದೆ, ಅದು ನಾನು ಹೇಳ್ತೇನೆ."

ಆ ಕಾರಣಕ್ಕೆ ಇದನ್ನು ಬರೆದೆ. ಆ ಮೆಸೇಜನ್ನು ಕೇಳಿದವರು, ಮುಂದಕ್ಕೆ ಕಳಿಸಿದವರು, ಗೇಟಿನಲ್ಲಿ ಕೂತ ಮನುಷ್ಯನ ಬಗ್ಗೆ ಊಟದ ನಡುವೆ ಒಂದು ಮಾತು ಆಡಿದವರು ಇದನ್ನು ಓದಿದರೆ — ಹಸನಾಕ ಶುದ್ಧ ಕೈಯವರು. ಇದನ್ನು ಕೂಡ ಮುಂದಕ್ಕೆ ಕಳಿಸಿ. ನನ್ನ ಹೆಸರು ತೆಗೆಯಬೇಡಿ.

ಮಂಗಳೂರಿಗೆ ಟಿಕೆಟು ಆಗಿದೆ. ದೀಕ್ಷಾಳೂ ಬರುತ್ತಾಳೆ, ಬಾ ಎಂದು ನಾನು ಕರೆದದ್ದಲ್ಲ. ಆಮಿನಾ ಎಂಬ ಆ ಹೆಂಗಸನ್ನು ನಾನು ಒಮ್ಮೆಯೂ ನೋಡಿಲ್ಲ. ಅವರು ಬೈಯಬಹುದು, ಎದ್ದು ಒಳಗೆ ಹೋಗಬಹುದು, ಏನೂ ಹೇಳದೆ ಕೂತುಬಿಡಬಹುದು. ಯಾವುದಾದರೂ ಸರಿ. ಬಾಗಿಲಲ್ಲಿ ನಿಂತು ಅವಸರದಲ್ಲಿ ಹೇಳಿ ಮುಗಿಸುವುದಿಲ್ಲ. ಒಳಗೆ ಹೋಗಿ, ಅವರು ತೋರಿಸಿದಲ್ಲಿ ಕೂತು, ಅವರು ಕೇಳಿದಷ್ಟನ್ನೂ ಹೇಳುತ್ತೇನೆ. ನನಗೆ ತಿಳಿಯದ್ದನ್ನು ಕೇಳಿದರೆ, ಗೊತ್ತಿಲ್ಲ ಎನ್ನುತ್ತೇನೆ.